ಮೂರನೆಯ ಪೆಟ್ಟು

ನಗಾರಿ ಬಾರಿಸುವವನ ಕೈ ತಪ್ಪಿದರೆ ಊರಿಗೆ ಊರೇ ತಪ್ಪುತ್ತದೆ. ಹೀಗೆ ತಪ್ಪಿದ್ದು ಒಂದೆರಡು ಸಲವಲ್ಲ. ಬರೆದು ನನಗೆ ರೂಢಿಯಿಲ್ಲ, ಆದ್ದರಿಂದ ಮೊದಲೇ ಬಿಡಿಸಿ ಹೇಳುತ್ತೇನೆ. ನಗಾರಿ ಎಂದರೆ ತಾಮ್ರದ ದೊಡ್ಡ ಬೋಗುಣಿಗೆ ಚರ್ಮ ಬಿಗಿದ ವಾದ್ಯ. ನರಗುಂದದ ವಾಡೆಯ, ಅಂದರೆ ದೊರೆಗಳ ಅರಮನೆಯ, ಬಾಗಿಲ ಮೇಲೆ ಅದನ್ನು ಮಧ್ಯಾಹ್ನಕ್ಕೊಮ್ಮೆ, ಸಂಜೆಗೊಮ್ಮೆ ಬಾರಿಸುತ್ತಿದ್ದೆವು. ಮಧ್ಯಾಹ್ನದ್ದು ಮೂರು ದಪ್ಪ ಪೆಟ್ಟಿನಿಂದ ಮುಗಿಯಬೇಕು, ಸಂಜೆಯದು ಎರಡರಿಂದ. ಅದನ್ನು ಕೇಳಿಯೇ ಊರು ಉಣ್ಣುತ್ತಿತ್ತು, ದೀಪ ಹಚ್ಚುತ್ತಿತ್ತು. ನನಗೆ ಕಲಿಸಿದ ಕಾಕಾ, ಅಂದರೆ ಅಪ್ಪನ ತಮ್ಮ, ನಗಾರಿ ಕೇಳದೆ ತುತ್ತು ಎತ್ತುತ್ತಿರಲಿಲ್ಲ. ಹೊತ್ತಿಗೊಂದು ನಗಾರಿ, ನಗಾರಿಗೊಂದು ಊಟ.

೧. ನಡುಹಗಲಿನ ದೀಪ

ಕಾಕಾ ರೋಣಕ್ಕೆ ಮದುವೆಗೆ ಹೋಗಿದ್ದಾಗ ನಾನು ಮೊದಲ ಸಲ ಒಬ್ಬನೇ ಬಾರಿಸಿದೆ. ಮಧ್ಯಾಹ್ನ. ಲೆಕ್ಕ ತಪ್ಪಿ ಎರಡೇ ಪೆಟ್ಟಿಗೆ ನಿಲ್ಲಿಸಿಬಿಟ್ಟೆ. ಬಟ್ಟೆ ಅಂಗಡಿಯವನು ಬಾಗಿಲು ಹಾಕಿದ. ಕಣ್ಣು ಕಾಣದ ಒಬ್ಬ ಮುದುಕಿ ಸೊಸೆಯನ್ನು ಬೈದು ದೀಪ ಹಚ್ಚಿಸಿದಳು.

ಮರುದಿನ ಬಂದ ಕಾಕಾ ಹೇಳಿದರು: “ನಿನ್ನ ಕೈಯಾಗ ಕೋಲು ಕೊಟ್ರ ಊರಿಗೆ ಒಂದು ಹೊತ್ತಿನ ಊಟ ತಪ್ತದ ನೋಡು.”

೨. ಗುಂಡಿಲ್ಲದ ತೋಪು

ಆಮೇಲೆ ಕುಂಪಣಿಯವರು ಊರು ಹಿಡಿದರು. ದೊರೆಗಳಿಲ್ಲ, ವಾಡೆ ಖಾಲಿ. ಆಯುಧ ಹುಡುಕಲು ಬಂದ ಸಿಪಾಯಿಯೊಬ್ಬ ನಗಾರಿಯ ಸುತ್ತ ಮೂರು ಸುತ್ತು ಹಾಕಿದ.

“ಗುಂಡು ಎಲ್ಲಿಂದ ಹೊರಗ ಬರ್ತದ?”

“ಗುಂಡಲ್ರೀ ಸಾಹೇಬ್ರ, ಇದರಿಂದ ಊಟ ಬರ್ತದ,” ಎಂದರು ಕಾಕಾ.

ಅವನಿಗೆ ಸಂಶಯ ಹೆಚ್ಚಾಯಿತು. ನಗಾರಿಯನ್ನು ಬಂಡಿಗೆ ಹೇರಿಸಿದ. ಕಾಕಾ ಅಗಸಿಯವರೆಗೂ, ಅಂದರೆ ಊರಬಾಗಿಲವರೆಗೂ, ಬಂಡಿಯ ಹಿಂದೆಯೇ ನಡೆದರು. ಹೆಣ್ಣು ಕೊಟ್ಟವರಂತೆ ಹೇಳುತ್ತಲೇ ಇದ್ದರು: “ಇಬ್ಬನಿಗೆ ಇಡಬ್ಯಾಡ್ರಿ. ಥಂಡಿ ಆದ್ರ ಒಂಚೂರು ಬಿಸಲು ಕಾಸ್ರಿ.”

೩. ಹಂಡೆ

ಅಂದಿನಿಂದ ಕಾಕಾ ಉಣ್ಣಲಿಲ್ಲ. ಹಟವಲ್ಲ. ಹೊತ್ತಿಗೆ ಸರಿಯಾಗಿ ಬಂದು ಕೂಡುತ್ತಿದ್ದರು. ಮುಂದೆ ರೊಟ್ಟಿ, ಪುಂಡಿಪಲ್ಯ. ಕಿವಿ ವಾಡೆಯ ಕಡೆ. “ಇನ್ನೂ ಆಗಿಲ್ಲ,” ಎಂದು ನೀರು ಕುಡಿದು ಏಳುತ್ತಿದ್ದರು. ನಾಲ್ಕನೆಯ ದಿನ ಗೋಡೆ ಹಿಡಿಯದೆ ಏಳಲಾಗಲಿಲ್ಲ.

ಕಾಕಿ ನನ್ನನ್ನು ಹಿತ್ತಲಿಗೆ ಕರೆದಳು. “ಹಿಂಗಾದ್ರ ನಿಮ್ಮ ಕಾಕಾ ಉಳ್ಯಂಗಿಲ್ಲೋ ತಮ್ಮಾ. ಏನರ ಮಾಡು.”

ನೀರು ಕಾಯಿಸುವ ತಾಮ್ರದ ಹಂಡೆಯನ್ನು ಬೋರಲು ಹಾಕಿದೆ. ಮಧ್ಯಾಹ್ನದ ನಗಾರಿಯನ್ನೇ ಬಾರಿಸಿದೆ, ಅಳುತ್ತ ಬಾರಿಸಿದೆ. ಕೊನೆಗೆ ಒಂದು ಪೆಟ್ಟು, ಎರಡು ಪೆಟ್ಟು... ಕೋಲು ಕೈಜಾರಿ ಬಿತ್ತು.

ಎತ್ತಿಕೊಳ್ಳಲು ಬಗ್ಗಿದೆ. ಒಳಗಿನಿಂದ ಕಾಕಾನ ದನಿ:

“ಮತ್ತ ಎರಡಾ ಹೊಡದೇನೋ?”

“ತಪ್ಪಾತ್ರಿ ಕಾಕಾ. ಇನ್ನೊಮ್ಮೆ ಬಾರಸ್ತೀನ್ರಿ.”

“ಬ್ಯಾಡ. ಬಾರಿಸಿದ್ದು ಬಾರಿಸಿದ್ಹಂಗ. ಸಂಜಿ ಆತು.” ತಾಟು ಮುಂದಕ್ಕೆ ಎಳೆದುಕೊಂಡ ಸದ್ದಾಯಿತು. “ಏ ಇವಳ, ಈ ಹುಚ್ಚಪ್ಪ ಮಧ್ಯಾಹ್ನ ನುಂಗಿದ್ರ ನಾ ಯಾಕ ಉಪಾಸ ಬೀಳ್ಲಿ? ಎರಡೂ ಹೊತ್ತಿಂದು ಬಡಸು.”