ನೀರು ಕುಡಿಯುವ ಮೋಟಾರು ಸೈಕಲ್ಲು

ಆಗ ನಮ್ಮ ರಾಮನಗರಕ್ಕೆ ಕ್ಲೋಸ್‌ಪೇಟೆ ಎಂದೇ ಹೆಸರು. ಆ ಊರಿನಲ್ಲಿ ಮೋಟಾರು ಸೈಕಲ್ಲು ಕೊಳ್ಳುವ ಧೈರ್ಯ ಮಾಡಿದವನು ನಾನೊಬ್ಬನೇ. ಬೆಂಗಳೂರಿನ ಅಂಗಡಿಯಲ್ಲಿ ಎರಡು ಪುಟ್ಟ ಗಾಡಿಗಳಿದ್ದವು. ಒಂದರ ಎಂಜಿನ್ನು ಎದುರುಗಾಳಿಗೆ ತಣ್ಣಗಾಗುವಂಥದು, ಇನ್ನೊಂದರದು ನೀರಿನಿಂದ. ಆ ಎರಡನೆಯದಕ್ಕೆ ನೀರು ತುಂಬಿದ ಹಿತ್ತಾಳೆ ಪೆಟ್ಟಿಗೆ, ಅದರೊಳಗೆ ಕಡ್ಡಿಯಂಥ ಸಣ್ಣ ಕೊಳವೆಗಳು! ಬೆಂಕಿಯೂ ನೀರೂ ಜಗಳವಿಲ್ಲದೆ ಸಂಸಾರ ಮಾಡುವುದನ್ನು ಕಂಡು ನಾನು ಮರುಳಾದೆ. ಚಪ್ಪಲಿ ಕಳಚಿ ಅದಕ್ಕೆ ಒಂದು ಸುತ್ತು ಬಂದೆ.

ಮನೆಗೆ ಬಂದು, ಕೇವಲ ಮರ್ಯಾದೆಗಾಗಿ, ಹೆಂಡತಿ ನಂಜಮ್ಮನ ಅಭಿಪ್ರಾಯ ಕೇಳಿದೆ.

"ಗಾಳಿ ತಾನಾಗೇ ಬತ್ತದೆ, ನೀರ ಸೇದ್ಬೇಕು. ಮನೆಗೇ ಒಂದು ಕೊಡ ಸೇದ್ದೇ ಇರೋರು ಅದುಕ್ಕೆ ಸೇದೀರಾ?"

"ಗಾಳಿಯನ್ನು ನಂಬಿ ಯಾವ ವಿವೇಕಿಯೂ ಪ್ರಯಾಣ ಹೊರಡುವುದಿಲ್ಲ" ಎಂದು ಘೋಷಿಸಿ ನೀರಿನದನ್ನೇ ತಂದೆ.

ಮರಳವಾಡಿಯ ನನ್ನ ಮಾವನಿಗೆ ನನ್ನ ಮೇಲೆ ನಂಬಿಕೆ ಅಷ್ಟಕ್ಕಷ್ಟೆ. ಅವರಿಗೆ ಮಾಗಡಿ ಸೀಮೆಯ ಸೋಲೂರಿನಿಂದ ರೇಷ್ಮೆಯ ಬಿತ್ತನೆ ಗೂಡು ಬೇಕಿತ್ತು. ಗೂಡು ಒಡೆದು ಬರುವ ಚಿಟ್ಟೆ ಇಡುವ ಮೊಟ್ಟೆಯಿಂದಲೇ ಅವರ ಮುಂದಿನ ಬೆಳೆ. ಚಿಟ್ಟೆಗಳು ದಾರಿಯಲ್ಲೇ ಹೊರಬಂದರೆ ಬೆಳೆ ಹೋದಂತೆಯೇ. "ಮೂರೇ ಗಂಟೆಯಲ್ಲಿ ತಲುಪಿಸುತ್ತೇನೆ!" ಎಂದು ಹೇಳಿಕಳಿಸಿದೆ.

ನಸುಕಿನಲ್ಲಿ ಸೋಲೂರಿನಲ್ಲಿ ಬುಟ್ಟಿ ಕೈಗೆ ಬಂತು. ಚಿಟ್ಟೆ ಬರುವುದು ನಾಳೆ, ಗೂಡಿಗೆ ಶಾಖ ಮಾತ್ರ ತಾಗಬಾರದು, ತಾಗಿದರೆ ಇವತ್ತೇ ಬಂದುಬಿಡುತ್ತವೆ ಎಂದರು ಗೂಡು ಕೊಟ್ಟವರು. ಗಾಡಿಯಲ್ಲಿ ಎಲ್ಲಕ್ಕಿಂತ ತಂಪಾದ ಜಾಗ ಯಾವುದು? ನೀರಿರುವ ಜಾಗ! ಬುಟ್ಟಿಯನ್ನು ಹಿತ್ತಾಳೆ ಪೆಟ್ಟಿಗೆಗೆ ಒತ್ತಿ ಕಟ್ಟಿದೆ. ಮಾಗಡಿಯ ದಾರಿಯಲ್ಲಿ ಜನ ಗಾಡಿಗೆ ಕೈಮುಗಿದರು. ನನಗೇ ಎಂದುಕೊಂಡು ನಾನೂ ತಲೆಬಾಗಿದೆ.

ನಮ್ಮೂರು ಮುಟ್ಟುವಷ್ಟರಲ್ಲಿ ಪೆಟ್ಟಿಗೆ ಬುಸುಗುಟ್ಟತೊಡಗಿತು. ಕಾದ ಎಂಜಿನ್ನಿಗೆ ತಣ್ಣೀರು ಹುಯ್ದರೆ ಸೀಳಿಹೋಗುತ್ತದೆ ಎಂದು ಅಂಗಡಿಯವನು ಎಚ್ಚರಿಸಿದ್ದ. ಆದರೆ ನಮ್ಮೂರಲ್ಲಿ ಬಿಸಿನೀರಿಗೆ ಬರವೇ! ಪಕ್ಕದ ಮನೆಯ ರಹೀಮ್ ಸಾಬರು ಗೂಡು ಬೇಯಿಸಿ ನೂಲು ತೆಗೆಯುವವರು. ಅವರ ಬಾಣಲೆ ಸದಾ ಕುದಿಯುತ್ತಿತ್ತು.

"ಬ್ಯಾಡಿ ಸ್ವಾಮಿ, ಅದ್ರಾಗೆ ಅಂಟು ಐತೆ, ಸತ್ತ ಹುಳ ಐತೆ" ಎಂದರು ಸಾಬರು.

"ರೇಷ್ಮೆಯ ನೀರು ಸಾಬರೇ! ಎಂಜಿನ್ನು ಇನ್ನೂ ನಯವಾಗಿ ಓಡುತ್ತದೆ."

"ಯಾ ಅಲ್ಲಾ! ಒಸಿ ಬಟ್ಟೇಲಾದ್ರೂ ಸೋಸ್ಕಳಿ."

ನಾನು ಸೋಸಲಿಲ್ಲ.

ಕನಕಪುರದ ಕಡೆಯ ರಸ್ತೆಯಲ್ಲಿ ಬೆಂದ ಹುಳದ ವಾಸನೆ ಎದ್ದಿತು. ಎರಡು ನಾಯಿಗಳು ಬೆನ್ನುಹತ್ತಿದವು, ಆಮೇಲೆ ಐದಾದವು! ಅಂಟು ಕುದಿದು ಆ ಸಣ್ಣ ಕೊಳವೆಗಳೆಲ್ಲ ಕಟ್ಟಿಕೊಂಡು, ಎಂಜಿನ್ನು ಒಂದು ಹೊಂಗೆ ಮರದ ಕೆಳಗೆ ಕೆಮ್ಮಿ ನಿಂತಿತು. ಬುಟ್ಟಿ ಮುಟ್ಟಿ ನೋಡಿದೆ. ಬಾಣಂತಿಯ ಮಂಚದಷ್ಟು ಬೆಚ್ಚಗಿತ್ತು! ಒಳಗೆ ಏನೋ ಸರಸರ ಎಂದಿತು.

ಗಾಬರಿಯಿಂದ ಕೋಟು ಬಿಚ್ಚಿ ನೆರಳಲ್ಲಿ ಹಾಸಿ ಗೂಡು ಸುರಿದೆ. ಒಂದು ಗೂಡಿನ ತುದಿ ಒದ್ದೆಯಾಯಿತು. ಎಳೆಗಳನ್ನು ಸರಿಸಿಕೊಂಡು ಬಿಳಿ ಚಿಟ್ಟೆಯೊಂದು ನಡುಗುತ್ತ ಹೊರಬಂದು, ಮುದುಡಿದ ರೆಕ್ಕೆ ಬಿಡಿಸಿ ಕೂತಿತು. ನಂತರ ಹತ್ತು, ನಂತರ ನೂರು. ಹುಟ್ಟಿದಾಗಿನಿಂದ ಗೂಡಿನ ನಡುವೆಯೇ ಬೆಳೆದವನು ನಾನು. ಒಮ್ಮೆಯೂ ಕೂತು ನೋಡಿರಲಿಲ್ಲ. ಮಾವನ ಬೆಳೆ ಕಣ್ಣೆದುರೇ ಹಾಳಾಗುತ್ತಿದ್ದರೂ, ಬಾಯಿ ತೆರೆದುಕೊಂಡು ನೋಡುತ್ತಲೇ ಇದ್ದೆ. ಅವು ಜೋಡಿಯಾದವು. ಇಳಿಹೊತ್ತಿಗೆ ಕೋಟಿನ ತುಂಬ ಸಾಸಿವೆಯಂಥ ಮೊಟ್ಟೆಗಳು.

ಅಷ್ಟರಲ್ಲಿ ಮಾವ ನನ್ನನ್ನು ಹುಡುಕಿಕೊಂಡು ಎತ್ತಿನ ಗಾಡಿಯಲ್ಲಿ ಬಂದರು. ಮೋಟಾರು ನೋಡಿದರು. ನಾಯಿಗಳನ್ನು ನೋಡಿದರು. ಕೋಟು ನೋಡಿ ಗಾಡಿಯಿಂದ ಧುಮುಕಿಯೇಬಿಟ್ಟರು!

"ಅಳೀಮಯ್ಯಾ, ಒಂದ್ ಮೊಟ್ಟೇನೂ ಪೋಲಾಗಿಲ್ವಲ್ಲಾ! ಅಳ್ಳಾಡುಸ್ಬ್ಯಾಡಿ, ಮೆತ್ತಗೆ ಎತ್ತಿ."

ಕೋಟು ಗಾಡಿಯಲ್ಲಿ ಮೆತ್ತೆಯ ಮೇಲೆ ವಿರಾಜಮಾನವಾಯಿತು. ನಾನೂ ಹತ್ತಲು ಕಾಲೆತ್ತಿದೆ.

"ನೀವು ಪಕ್ದಲ್ಲೇ ನಡ್ಕೊಂಡು ಗಾಳಿ ಹಾಕ್ತಾ ಬನ್ನಿ. ಮೊಟ್ಟೆಗೆ ಶಾಖ ಆಗ್ಬಾರ್ದು" ಎಂದು ಬೀಸಣಿಗೆ ಕೊಟ್ಟರು.

ಮರಳವಾಡಿಯವರೆಗೆ, ಒಂದು ತೊಟ್ಟು ನೀರೂ ಕುಡಿಯದೆ, ಎಲ್ಲಿಯೂ ನಿಲ್ಲದೆ, ಗಾಳಿ ಹಾಕುತ್ತ ನಡೆದೆ. ಮೋಟಾರು ಸೈಕಲ್ಲಿನಲ್ಲಿ ಬರುವ ಅಳಿಯನಿಗೆಂದು ಅತ್ತೆ ಬಾಗಿಲಲ್ಲಿ ಆರತಿ ಹಿಡಿದು ಕಾದಿದ್ದರು. ನಾನು ಬೆವರು ಒರೆಸಿಕೊಂಡು, ಎದೆ ಉಬ್ಬಿಸಿ ನಿಂತೆ.

ಅತ್ತೆ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಕೋಟಿಗೆ ಆರತಿ ಎತ್ತಿದರು!