ಬಾಯಿ ಹಾಕುವ ನೀಲಿ ದೀಪ

ಮನೆಯಲ್ಲಿ ಏನೇ ಕೆಟ್ಟರೂ ಮೊದಲು ಅದು ಯಾರ ತಪ್ಪು ಅಂತ ತೀರ್ಮಾನ ಮಾಡಿ, ಆಮೇಲೆ ಏನು ಕೆಟ್ಟಿದೆ ಅಂತ ನೋಡುವವಳು ನಾನು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇದಕ್ಕಿಂತ ಸುಲಭದ ದಾರಿ ಗೊತ್ತಿಲ್ಲ. ಹಾಲು ಒಡೆದರೆ ಹಾಲಿನವಳು, ಮೋಟಾರು ಸುಟ್ಟರೆ ಕರೆಂಟಿನವರು. ಮಗ ಸತ್ತಾಗ ಮಾತ್ರ ಯಾರ ಮೇಲೆ ಹಾಕೋದು ತಿಳೀಲಿಲ್ಲ. ರಾಯಕೋಟೆ ರಸ್ತೆಯಲ್ಲಿ ಲಾರಿ ಸುಮ್ಮನೆ ನಿಂತಿತ್ತಂತೆ, ಇವನೇ ಹೋಗಿ ಗುದ್ದಿದ್ದು.

ಹತ್ತು ತಿಂಗಳಾಯ್ತು. ಉದ್ದನಪಲ್ಲಿಯ ಈ ಮನೆಯಲ್ಲಿ ಈಗ ನಾನು, ಸೊಸೆ ಮಂಜುಳ, ಇಬ್ಬರೇ. ದುಡಿಯೋಳು ಅವಳೊಬ್ಬಳು. ಹೊಸೂರಿನ ಒಂದು ಕಂಪನಿಗೆ ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ಮಾತಾಡೋ ಕೆಲಸ. ಯಾರದೋ ಫ್ರಿಜ್ಜು ಕೆಟ್ಟರೆ ಅವರು ಇವಳನ್ನು ಬೈತಾರೆ, ಇವಳು ತಮಿಳು, ತೆಲುಗು, ಕನ್ನಡ ಮೂರರಲ್ಲೂ ಸಮಾಧಾನ ಹೇಳ್ತಾಳೆ. ಲೈನು ಬರೋದು ಪಕ್ಕದ ಮನೆಯ ನನ್ನ ಮೈದುನನ ವೈಫೈ ಡಬ್ಬಿಯಿಂದ. ಗೋಡೆ ದಾಟಿ ಬಂದದ್ದನ್ನು ಹಿಡಿಯೋಕೆ ಕಂಪ್ಯೂಟರಿನ ಬೆನ್ನಿಗೆ ಹೆಬ್ಬೆಟ್ಟಿನ ಉಗುರಿನಷ್ಟು ಒಂದು ತುಣುಕು ಚುಚ್ಚಿದೆ. ಅಡಾಪ್ಟರ್ ಅಂತಾರೆ.

ಆಷಾಢದಿಂದ ಮಾತಿನ ನಡುವೆ ಲೈನು ಕಡಿಯೋಕೆ ಶುರುವಾಯ್ತು. ನಾನು ನೇರ ಮೈದುನನ ಬಾಗಿಲಿಗೆ ಹೋದೆ. "ಏನ್ಲಾ, ಅಣ್ಣನ ಮಗ ಹೋದ ಅಂತ ಲೈನೂ ಕಡೀತಿದ್ದೀಯಾ?"

"ನಿನ್ನಾಣೆ ಡಬ್ಬಿ ಮುಟ್ಟಿಲ್ಲ ಅತ್ತಿಗೆ. ನಿನ್ನ ಬಾಯಿಗೆ ಹೆದರಿ ಅದರ ಧೂಳೂ ಒರೆಸಿಲ್ಲ" ಅಂದ.

ಅವನ ಹೆಂಡತಿಯ ಮಿಕ್ಸಿ ನಿಲ್ಲಿಸಿದೆ. ಪಾಪ, ನಾಲ್ಕು ದಿನ ಒರಳಲ್ಲಿ ರುಬ್ಬಿದಳು. ನನ್ನ ಮೊಬೈಲನ್ನು ಹಿತ್ತಲಿಗೆ ಓಡಿಸಿದೆ. ಕಂಪ್ಯೂಟರಿಗೆ ನಿಂಬೆಹಣ್ಣು ಕಟ್ಟಿದೆ. ನಿಂಬೆಹಣ್ಣು ಒಣಗಿತು, ಲೈನು ಕಡೀತಾನೇ ಇತ್ತು. ಕಡೆಗೆ ಕಂಪನಿಯವರು ಹೇಳೇಬಿಟ್ಟರು: "ಸೋಮವಾರವೂ ಹೀಗೇ ಆದ್ರೆ ಬೇರೆಯವರನ್ನ ಹಾಕ್ಕೋತೀವಿ."

ಶನಿವಾರ ಹೊಸೂರಿನಿಂದ ರಿಪೇರಿಯವನು ಬಂದ. ತಲೆ ನರೆತ ತಮಿಳಿನವನು, ಆದರೂ ನನ್ನನ್ನೇ ಅಜ್ಜಿ ಅಂತ ಕರೆದ. ಕಂಪ್ಯೂಟರಿನ ಬೆನ್ನು ನೋಡಿದವನೇ, "ಪಾಟ್ಟಿ, ಈ ಹಾರ್ಡ್ ಡಿಸ್ಕ್ ಯಾಕೆ ಅಡಾಪ್ಟರ್ ಪಕ್ಕದಲ್ಲೇ ಇದೆ? ಇದರ ಗಲಾಟೆ ನಮಗೆ ಕೇಳಲ್ಲ, ಅದಕ್ಕೆ ಕೇಳುತ್ತೆ. ಲೈನು ಹಿಡಿಯೋಕೆ ಬಿಡಲ್ಲ" ಅಂದ.

ಆ ಡಿಸ್ಕು ನನ್ನ ಮಗಂದು. ಅವನ ಫೋಟೋ, ಅವನ ದನಿ, ಎಲ್ಲ ಅದರೊಳಗಿದೆ. ನಮ್ಮಲ್ಲಿ ವರ್ಷದ ತಿಥಿವರೆಗೂ ಸತ್ತವರ ಮುಂದಿನ ದೀಪ ಆರಬಾರದು. ಆಷಾಢದ ಗಾಳಿಗೆ ಎಣ್ಣೆ ದೀಪ ನಿಲ್ಲಲಿಲ್ಲ. ಕಂಪ್ಯೂಟರಿಗೆ ಚುಚ್ಚಿದರೆ ಈ ಡಿಸ್ಕಿನಲ್ಲಿ ಒಂದು ನೀಲಿ ದೀಪ ಮಿಣುಕುತ್ತೆ, ಗಾಳಿಗೂ ಜಗ್ಗಲ್ಲ. ಇದೇ ಇರಲಿ, ಯಾರೂ ಕೀಳಕೂಡದು ಅಂದಿದ್ದೆ. ಕರೆಂಟು ಹೋದಾಗ ಆರಿದ್ದು ನಮ್ಮ ಲೆಕ್ಕಕ್ಕಿಲ್ಲ. ಆ ಪಾಪ ಕರೆಂಟಿನವರದು.

ಮಂಜುಳ ನೆಲ ನೋಡ್ತಿದ್ದಳು.

"ನಿಂಗೆ ಗೊತ್ತಿತ್ತೇನೇ?"

"ಗೊತ್ತಿತ್ತು ಅತ್ತೆ. ನೀವು ತೋಟಕ್ಕೆ ಹೋದಾಗ ಒಂದಿನ ಕಿತ್ತು ನೋಡ್ದೆ. ಸರಿಹೋಯ್ತು. ನೀವು ಬರೋ ಹೊತ್ಗೆ ಮತ್ತೆ ಚುಚ್ಚಿಟ್ಟೆ."

"ಹೇಳೋಕೇನಾಗಿತ್ತು?"

"ಬಾಯಿ ತೆಗ್ದೆ. ಅಷ್ಟರಲ್ಲಿ ನೀವು ಚಿಕ್ಕಮಾವನ್ನ ಬಯ್ಯೋಕೆ ಹೋಗ್ಬುಟ್ರಿ."

ಕೆಲಸ ಹೋದರೂ ಸರಿ, ನನ್ನ ದೀಪ ಆರಬಾರದು ಅಂತ ಕೂತಿದ್ದಳು ಹುಚ್ಚಿ. ನಾನೇ ಕೈ ಹಾಕಿ ಕಿತ್ತೆ. ನೀಲಿ ದೀಪ ಆರಿತು. ಏನೂ ಆಗಲಿಲ್ಲ. ಸತ್ತವನು ಸತ್ತೇ ಇದ್ದ. ಸೋಮವಾರ ಮಂಜುಳ ದಿನವಿಡೀ ಮಾತಾಡಿದಳು, ಒಂದು ಸಲವೂ ಕಡಿಯಲಿಲ್ಲ. ಡಿಸ್ಕು ಈಗ ಬೀರುವಿನಲ್ಲಿ ಅವನ ಅಂಗಿಗಳ ಜೊತೆ ಇದೆ. ಎಣ್ಣೆ ದೀಪವನ್ನೇ ಹಚ್ಚುತೀನಿ, ಆರಿದರೆ ಮತ್ತೆ ಹಚ್ಚುತೀನಿ. ನನಗೇನು ಬೇರೆ ಕೆಲಸ?

ಬದುಕಿದ್ದಾಗಲೂ ಅವನು ಹೆಂಡತಿಗೆ ಒಂದು ಮಾತು ಪೂರ್ತಿ ಆಡೋಕೆ ಬಿಟ್ಟವನಲ್ಲ, ನಡುವೆ ಬಾಯಿ ಹಾಕ್ತಿದ್ದ. ಸತ್ತ ಮೇಲೂ ಅದನ್ನೇ ಮಾಡಿದ. ಆ ಗುಣ ಎಲ್ಲಿಂದ ಬಂತು ಅತ್ತಿಗೆ ಅಂತ ಮೈದುನ ಕೇಳಿದ. ಅವರಪ್ಪನ ಕಡೆಯದು ಅಂದೆ. ಮಂಜುಳ ಏನೋ ಹೇಳೋಕೆ ಹೊರಟಳು. ಅವಳು ಬಾಯಿ ತೆಗೆಯೋ ಮುಂಚೆ ನಾನೇ ಹೇಳಿದೆ: "ಸುಮ್ನಿರೇ, ಅವರಪ್ಪನ ಕಡೆಯದೇ."