ಲಿಫ್ಟಿಗೆ ಹಿಡಿಸದ ಬೋರ್ಡು

ಎಲ್ಲಕ್ಕೂ ಕಾರಣ ಒಂದು ಕೇಸರಿ ಟೋಪಿ. ಆ ಟೋಪಿ ಎರಡು ತಿಂಗಳ ಹಿಂದೆ ದಡದ ಹತ್ತಿರದಿಂದ ಎದ್ದು ಕಡಲಿನೊಳಕ್ಕೆ ನೂರು ಮಾರು ದೂರ ಹೋಗದಿದ್ದರೆ, ದಂತಣ್ಣ ಈ ಭಾನುವಾರವೂ ಎಂದಿನಂತೆ ಮಧ್ಯಾಹ್ನ ಒಂದು ನಿದ್ದೆ ತೆಗೆದು, ಸಂಜೆ ಸರ್ಫಿಂಗ್ ಕ್ಲಾಸಿಗೆ ಹೋಗಿ, ಹೊಟ್ಟೆ ತುಂಬ ಉಪ್ಪುನೀರು ಕುಡಿದು ಸುಖವಾಗಿ ಮನೆಗೆ ಬರುತ್ತಿದ್ದ.

ದಂತಣ್ಣ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲಿನ ಸೆಟ್ಟು ಮಾಡುವುದು ಅವನ ಕೆಲಸ. ಮೇಜಿನ ತುಂಬ ಪ್ಲಾಸ್ಟರಿನ ಅಚ್ಚುಗಳು, ಮೇಲ್ದವಡೆ ಒಂದು ಸಾಲು, ಕೆಳದವಡೆ ಒಂದು ಸಾಲು. ಇಪ್ಪತ್ತೆರಡು ವರ್ಷದಿಂದ ಬೆಳಗಿನಿಂದ ಸಂಜೆಯವರೆಗೆ ಬಾಯಿಗಳ ನಡುವೆಯೇ ಬದುಕು, ಮಾತಾಡುವ ಬಾಯಿ ಮಾತ್ರ ಒಂದೂ ಇಲ್ಲ. ಹೊಸ ಹಲ್ಲು ಹಾಕಿಸಿಕೊಂಡವರು ಮುಂಬಾಗಿಲಿನಿಂದ ನಗುತ್ತ ಹೋಗುತ್ತಿದ್ದರು. ಆ ನಗುವನ್ನು ಕಟ್ಟಿದವನು ಹಿಂದೆ ಕೂತಿದ್ದಾನೆಂದು ಅವರಿಗೆ ಯಾರೂ ಹೇಳುತ್ತಿರಲಿಲ್ಲ. ಮನೆಗೆ ಬಂದರೆ ಐದನೇ ಮಹಡಿಯಲ್ಲಿ ಎರಡು ಕೋಣೆ, ಎರಡು ಕುರ್ಚಿ. ಒಂದರ ಮೇಲೆ ಅವನು, ಇನ್ನೊಂದರ ಮೇಲೆ ಒಗೆದ ಬಟ್ಟೆ.

"ಬಿ.ಪಿ. ಏರಿದೆ, ನೀರಲ್ಲಿ ಕೈಕಾಲು ಆಡಿಸಿ" ಎಂದು ಡಾಕ್ಟರು ಹೇಳಿದ್ದು ಈಜನ್ನು ಮನಸ್ಸಿನಲ್ಲಿಟ್ಟುಕೊಂಡು. ಈಜುಕೊಳ ದುರಸ್ತಿಯಲ್ಲಿತ್ತು. ಹಾಗಾಗಿ ನಲವತ್ತೇಳನೆಯ ವಯಸ್ಸಿನಲ್ಲಿ ದಂತಣ್ಣ ಸರ್ಫಿಂಗಿಗೆ ಸೇರಿದ.

ಕ್ಲಾಸಿನಲ್ಲಿ ಹತ್ತು ಜನ, ಐದು ಬೋರ್ಡು. ಮೆತ್ತನೆಯ, ಅಗಲವಾದ ನೀಲಿ ಬೋರ್ಡುಗಳು. ಎಲ್ಲರೂ ಅವನ್ನು 'ಹಾಸಿಗೆ' ಎಂದೇ ಕರೆಯುತ್ತಿದ್ದರು. ಇಬ್ಬರಿಗೊಂದು ಹಾಸಿಗೆ. ಒಬ್ಬರು ಬಿದ್ದೆದ್ದು ಬರುವ ತನಕ ಇನ್ನೊಬ್ಬರು ಸೊಂಟದುದ್ದ ನೀರಿನಲ್ಲಿ ಕಾಯಬೇಕು. ದಂತಣ್ಣನ ಜೊತೆಗೆ ಬಿದ್ದವರು ಔಷಧಿ ಅಂಗಡಿಯ ಮೇಡಂ. ಅಂಗಡಿ ಮುಚ್ಚಿ ಪ್ರತಿಸಲವೂ ಹತ್ತು ನಿಮಿಷ ತಡವಾಗಿ, ಕೇಸರಿ ಟೋಪಿ ಹಿಡಿದುಕೊಂಡು ಓಡಿ ಬರುತ್ತಿದ್ದರು. ಬೋರ್ಡು ಕೈಬದಲಾಗುವಾಗ ಇಬ್ಬರೂ ನಿಂತು ಮಾತಾಡುತ್ತಿದ್ದರು. 'ಹೋದ ಸಲ ಕೊಟ್ಟಿದ್ರಲ್ಲ, ಆ ಹಳದಿ ಮಾತ್ರೆ ಕೊಡಿ' ಎಂದು ಕಾಡುವ ಗಿರಾಕಿಗಳ ಕತೆ ಅವರದು. 'ನನ್ನ ಹಳೇ ಹಲ್ಲಿನ ಸಂದಿ ಎಲ್ಲಿ? ಅದಿಲ್ಲದಿದ್ರೆ ಮನೆಯವಳು ನನ್ನ ಗುರುತು ಹಿಡಿಯಲ್ಲ' ಎಂದು ಜಗಳ ತೆಗೆದ ಮುದುಕರ ಕತೆ ಇವನದು. ಕೋಚ್ ಸೀಟಿ ಊದಿದರೂ ಇಬ್ಬರಿಗೂ ಕೇಳಿಸುತ್ತಿರಲಿಲ್ಲ. ವಾರದ ಏಳು ದಿನದಲ್ಲಿ ದಂತಣ್ಣ ಬಾಯಿ ತುಂಬ ಮಾತಾಡುತ್ತಿದ್ದುದು ಆ ಒಂದು ಗಂಟೆ ಮಾತ್ರ.

ಆರು ತಿಂಗಳಾದ ಮೇಲೆ ಮೇಡಂ ಸ್ವಂತ ಬೋರ್ಡು ಕೊಂಡರು. ಸ್ವಂತ ಬೋರ್ಡು ಎಂದರೆ ಗಟ್ಟಿ ಬೋರ್ಡು; ಕಲಿಯುವವರ ನಡುವೆ ಅದನ್ನು ಬಿಟ್ಟರೆ ಯಾರದಾದರೂ ತಲೆ ಒಡೆಯುತ್ತದೆ. ಆದ್ದರಿಂದ ಕೋಚ್‌ದು ಒಂದೇ ನಿಯಮ. ಬೋರ್ಡು ಕೊಂಡವರು ಬಟ್ಟೆಯ ಮೇಲೆ ತೊಡುವ ಕ್ಲಾಸಿನ ಹಸಿರು ಅಂಗಿಯನ್ನು ಕಳಚಿ ಕೋಚ್ ಕೈಗೆ ಕೊಡಬೇಕು, ಎಲ್ಲರೂ ಚಪ್ಪಾಳೆ ತಟ್ಟಬೇಕು, ಅಲ್ಲಿಗೆ ಅವರ ಕ್ಲಾಸು ಮುಗಿಯಿತು. ಆಮೇಲೆ ಅವರು ನೊರೆ ದಾಟಿ, ಅಲೆ ಏಳುವ ಜಾಗದಲ್ಲಿ ಉಳಿದ ಬೋರ್ಡಿನವರ ಜೊತೆ ಸಾಲಾಗಿ ಕೂರಬಹುದು.

ಅಂದಿನಿಂದ ಇಡೀ ಹಾಸಿಗೆ ದಂತಣ್ಣನದೇ ಆಯಿತು. ಉಳಿದವರು ಹೊಟ್ಟೆಕಿಚ್ಚುಪಟ್ಟರು. ಅವನು ಮಾತ್ರ ಬಿದ್ದಾಗಲೆಲ್ಲ ಎದ್ದು ಆಚೆ ನೋಡುತ್ತಿದ್ದ. ದೂರಕ್ಕೆ ಬೋರ್ಡು ಕಾಣುತ್ತಿರಲಿಲ್ಲ. ಪಾರ್ಕಿನ ಬೆಂಚಿನ ಮೇಲೆ ಹರಟೆಗೆ ಕೂತವರ ಹಾಗೆ ಎಂಟು ತಲೆ, ಅದರಲ್ಲೊಂದು ಕೇಸರಿ. ಅಲ್ಲಿ ಎಂಥೆಂಥ ಮಾತು ನಡೆಯುತ್ತಿದೆಯೋ ಎಂದು ಅವನ ಹೊಟ್ಟೆ ಉರಿಯುತ್ತಿತ್ತು. ಔಷಧಿ ಅಂಗಡಿಗೇ ಹೋಗಿ ಮಾತಾಡಿಸಬಹುದಿತ್ತಲ್ಲ ಎಂದರೆ, ಎರಡು ಸಲ ಹೋಗಿದ್ದ. ಹಿಂದೆ ನಿಂತವರು "ಬೇಗ ಹೇಳ್ರೀ" ಎಂದು ಅವಸರ ಮಾಡಿದ್ದಕ್ಕೆ ಎರಡು ಸಲವೂ ಕೆಮ್ಮಿನ ಔಷಧಿ ಕೊಂಡುಕೊಂಡು ಬಂದಿದ್ದ.

ಹೋದ ಭಾನುವಾರ ನೆಗಡಿ ಬಂದು ಕ್ಲಾಸಿಗೆ ಹೋಗಲಾಗಲಿಲ್ಲ. ಮಲಗಿದಲ್ಲೇ ತೀರ್ಮಾನ ಮಾಡಿದ: ತಾನೂ ಬೋರ್ಡು ಕೊಳ್ಳುವುದು, ಆಚೆ ಹೋಗುವುದು. ಅಕ್ಕನಿಗೆ ಫೋನ್ ಮಾಡಿ ಹೇಳಿದ. "ನೀರಿಗೆ ಬೀಳೋದಕ್ಕೆ ಹಲಗೆ ಬೇರೆ ಬೇಕೇನೋ?" ಎಂದು ಅಕ್ಕ ಫೋನಿಟ್ಟಳು.

ಈ ಭಾನುವಾರ ಬೆಳಗ್ಗೆ ಲಿಫ್ಟಿನಲ್ಲಿ ಸೆಕ್ರೆಟರಿಗಳು ಸಿಕ್ಕಿದರು. ಅವರು ಆ ವಠಾರಕ್ಕೆ ಸೆಕ್ರೆಟರಿ; ಅದಕ್ಕೂ ಮುಂಚೆ ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಇಲಾಖೆ ಅವರನ್ನು ಬಿಟ್ಟರೂ ಅಳತೆ ಟೇಪು ಜೇಬನ್ನು ಬಿಟ್ಟಿರಲಿಲ್ಲ.

"ಬೋರ್ಡು ತಗೊಳ್ಳೋಕಾ? ಒಬ್ರೇ ಹೋದ್ರೆ ಟೋಪಿ ಹಾಕ್ತಾರೆ. ನಡೀರಿ, ನಾನೂ ಬರ್ತೀನಿ" ಎಂದರು. ದಂತಣ್ಣನಿಗೆ ಬೇಡ ಎಂದು ಹೇಳಲು ನಾಲ್ಕು ಮಹಡಿಯಷ್ಟು ಸಮಯವಿತ್ತು. ಹೇಳಲಾಗಲಿಲ್ಲ.

ಬೋರ್ಡಿನ ಅಂಗಡಿಯವನು ಅರ್ಧ ಕಣ್ಣು ತೆರೆದು ದಂತಣ್ಣನನ್ನು ಮೇಲಿಂದ ಕೆಳಗೆ ನೋಡಿದ. "ಎಷ್ಟು ತಿಂಗಳಿಂದ ಬೀಳ್ತಿದೀರಿ?"

"ಎಂಟು."

"ತೂಕ?"

"ಎಂಬತ್ತೆರಡು."

"ಎಂಬತ್ತೈದು" ಎಂದರು ಸೆಕ್ರೆಟರಿಗಳು. "ಲಿಫ್ಟು ಹತ್ತುವಾಗ ಗೊತ್ತಾಗುತ್ತೆ."

"ಹಾಗಾದ್ರೆ ಐವತ್ತೈದು ಲೀಟರಿಗೆ ಕಡಿಮೆ ಬೇಡ."

"ಲೀಟರಾ?" ಸೆಕ್ರೆಟರಿಗಳ ಹುಬ್ಬು ಮೇಲೇರಿತು. "ಹಲಗೆನ ಲೀಟರಲ್ಲಿ ಮಾರ್ತೀರಾ? ನಾನು ಕೆಲಸದಲ್ಲಿದ್ದಿದ್ರೆ ಈ ಅಂಗಡಿಗೆ ಬೀಗ ಬೀಳ್ತಿತ್ತು."

ಬೋರ್ಡಿನೊಳಗೆ ಎಷ್ಟು ಜಾಗ ಇದೆಯೋ ಅಷ್ಟು ತೇಲುತ್ತದೆ, ಅದರ ಲೆಕ್ಕ ಲೀಟರಿನಲ್ಲಿ ಎಂದು ಅಂಗಡಿಯವನು ವಿವರಿಸಿ, ಗೋಡೆಗೆ ಒರಗಿಸಿದ್ದ ಕೆನೆಬಣ್ಣದ ಒಂದು ಬೋರ್ಡನ್ನು ತೋರಿಸಿದ. "ಇದು ನಿಮಗೆ ಹೇಳಿ ಮಾಡಿಸಿದ ಹಾಗಿದೆ. ಏಳು ಅಡಿ ಹತ್ತು ಇಂಚು. ಎರಡೇ ತಿಂಗಳು ಬಳಸಿದ್ದು, ಬುಧವಾರ ಬಂತು. ಬಾಲದ ಹತ್ತಿರ ಒಂದು ಸಣ್ಣ ಪೆಟ್ಟು, ಅಷ್ಟೇ."

ಪೆಟ್ಟಿನ ಮೇಲೆ ಬಿಳಿಯ ಪಟ್ಟಿಯೊಂದನ್ನು ಅಂಟಿಸಿದ್ದರು. ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಕತ್ತರಿಸಿ, ಒಂದು ಸುಕ್ಕೂ ಇಲ್ಲದ ಹಾಗೆ. ದಂತಣ್ಣನಿಗೆ ಆ ಒಪ್ಪ ಕೆಲಸ ಬಹಳ ಹಿಡಿಸಿತು. ಯಾರೋ ತನ್ನಂಥವರೇ ಮಾಡಿರಬೇಕು ಅಂದುಕೊಂಡ.

ಅಷ್ಟರಲ್ಲಿ ಟೇಪು ಹೊರಗೆ ಬಂದಿತ್ತು. "ನಮ್ಮ ಲಿಫ್ಟು ಮೂಲೆಯಿಂದ ಮೂಲೆಗೆ ಆರು ಅಡಿ ಒಂಬತ್ತು ಇಂಚು. ಇದು ಲಿಫ್ಟಿಗೆ ಹಿಡಿಸಲ್ಲ" ಎಂದು ಸೆಕ್ರೆಟರಿಗಳು ತೀರ್ಪು ಕೊಟ್ಟು, ಆರಡಿಯ ಕೆಂಪು ಬೋರ್ಡೊಂದನ್ನು ಬೆರಳಿನಿಂದ ತಟ್ಟಿದರು. "ಇದು ಹಿಡಿಸುತ್ತೆ."

"ಅದು ಇವರನ್ನ ಹೊರಲ್ಲ ಸರ್. ಪಳಗಿದವರು ಓಡಿಸೋ ಬೋರ್ಡು ಅದು."

"ಐದನೇ ಮಹಡಿಗೆ ಹೊರೋದು ಬೋರ್ಡಲ್ಲ, ಲಿಫ್ಟು."

ಜೋರಾಗಿ ಮಾತಾಡುವವರ ಎದುರು ದಂತಣ್ಣ ಜೀವಮಾನದಲ್ಲಿ ಗೆದ್ದವನಲ್ಲ. ಕೆಂಪು ಬೋರ್ಡು ಮನೆಗೆ ಬಂತು.

ಲಿಫ್ಟಿಗೇನೋ ಹಿಡಿಸಿತು. ಐದನೇ ಮಹಡಿಯ ಪಡಸಾಲೆಯಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಎದುರುಮನೆ ಅಜ್ಜಿ ಕನ್ನಡಕ ಏರಿಸಿ, "ಇಸ್ತ್ರಿ ಮೇಜಾ ಮಗಾ? ಕಾಲೇ ಇಲ್ವಲ್ಲ" ಎಂದರು. ಇದರ ಮೇಲೆ ನಿಲ್ಲುವುದು ಹೇಗೆಂದು ತೋರಿಸಲೇಬೇಕು ಎಂದು ಎಲ್ಲರೂ ಹಟ ಹಿಡಿದರು. ಅಜ್ಜಿಯ ಮನೆಯಿಂದ ಎರಡು ದಿಂಬು ಬಂದವು. ಅದರ ಮೇಲೆ ಬೋರ್ಡು, ಬೋರ್ಡಿನ ಮೇಲೆ ದಂತಣ್ಣ. ಬೋರಲು ಮಲಗಿ ಗಾಳಿಯಲ್ಲಿ ಕೈ ಬೀಸಿದ. "ಅಲೆ ಬಂತು" ಎಂದು ಸೆಕ್ರೆಟರಿಗಳು ಕೂಗಿದರು. ದಂತಣ್ಣ ಚಂಗನೆ ಎದ್ದ. ಬೋರ್ಡು ಅವನ ಕಾಲಡಿಯಿಂದ ಸೋಪಿನ ಹಾಗೆ ಜಾರಿತು. ಅವನು ಚಪ್ಪಲಿ ಸ್ಟ್ಯಾಂಡಿನ ಮೇಲೆ ಬಿದ್ದ, ಬೋರ್ಡಿನ ಅಡಿಯ ರೆಕ್ಕೆ ದಿಂಬನ್ನು ಸೀಳಿತು, ಪಡಸಾಲೆಯ ತುಂಬ ಹತ್ತಿ ಹಾರಿತು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ದಂತಣ್ಣನೂ ನಕ್ಕ. ಹನ್ನೊಂದು ವರ್ಷದಿಂದ ಆ ಮಹಡಿಯಲ್ಲಿದ್ದರೂ ಇಷ್ಟು ಜನ ತನ್ನ ಸುತ್ತ ನಿಂತದ್ದು ಇದೇ ಮೊದಲು. ಒಳಗೆ ಬನ್ನಿ, ಕಾಫಿ ಮಾಡ್ತೀನಿ ಎನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಯಾರದೋ ಒಲೆ, ಯಾರದೋ ಫೋನು, ಯಾರದೋ ಟೀವಿ ನೆನಪಾಗಿ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಅವನು ಒಬ್ಬನೇ ಕೂತು ಹತ್ತಿ ಆರಿಸಿದ. ಕೊನೆಗೆ ಅಜ್ಜಿ ಮಾತ್ರ ಹೊರಗೆ ಮುಖ ಹಾಕಿ ಹೇಳಿದರು, "ನೆಲದ ಮೇಲೇ ನಿನ್ನನ್ನ ನಿಲ್ಲಿಸಿಕೊಳ್ಳದೇ ಇರೋದು ನೀರಲ್ಲಿ ನಿಲ್ಲಿಸಿಕೊಳ್ಳುತ್ತಾ? ದೊಡ್ಡದು ತಗೋ ಮಗಾ. ದಿಂಬು ನಾಳೆ ಕೊಡಿಸು."

ಮಧ್ಯಾಹ್ನ ಕೆಂಪು ಬೋರ್ಡು ಲಿಫ್ಟಿನಲ್ಲಿ ಕೆಳಗಿಳಿಯಿತು. ಸೆಕ್ರೆಟರಿಗಳೂ ಇಳಿದರು. ಅಂಗಡಿಯವನು ಬಾಗಿಲ ಬಳಿ ತೆಗೆದಿಟ್ಟಿದ್ದ ಕೆನೆಬಣ್ಣದ ಬೋರ್ಡನ್ನು ಕೊಟ್ಟ. "ಒಂದು ಸಲ ಬದಲಾಯಿಸಿ ಕೊಡ್ತೀನಿ. ಎರಡನೇ ಸಲ ಬರಬೇಡಿ" ಎಂದ.

ಮನೆಗೆ ಒಯ್ಯುವ ಪ್ರಶ್ನೆಯೇ ಇರಲಿಲ್ಲ. ನೇರವಾಗಿ ಕಡಲಿಗೆ ಹೊರಟರು, ಮುಂದೆ ದಂತಣ್ಣ, ಬಾಲ ಹಿಡಿದುಕೊಂಡು ಸೆಕ್ರೆಟರಿಗಳು. ಬಸ್ಸಿನವನು ಹತ್ತಿಸಿಕೊಳ್ಳಲಿಲ್ಲ. ಕಡಲಗಾಳಿಗೆ ಬೋರ್ಡು ತಿರುಗಿ ಕ್ಷೌರದಂಗಡಿಯ ಬಾಗಿಲಿಗೆ ಅಡ್ಡ ಸಿಕ್ಕಿಕೊಂಡಿತು. ಅರ್ಧ ಮೀಸೆ ತೆಗೆಸಿಕೊಂಡಿದ್ದ ಗಿರಾಕಿಯೊಬ್ಬ ಎದ್ದು ಬಂದು ಬಿಡಿಸಿಕೊಟ್ಟ. ದಂತಣ್ಣನ ಭುಜ ಬಿದ್ದುಹೋಗುವಂತಾಗಿತ್ತು. ಆದರೂ ಮನಸ್ಸು ಹಗುರಾಗಿತ್ತು. ಮೇಡಂಗೆ ಹೇಳಲು ಮೀಸೆಯ ಕತೆಯೂ ಒಂದು ಸಿಕ್ಕಿತಲ್ಲ.

ಕ್ಲಾಸು ಆಗತಾನೇ ಶುರುವಾಗುತ್ತಿತ್ತು. ದಂತಣ್ಣ ಮನೆಯಿಂದಲೇ ತೊಟ್ಟು ಬಂದಿದ್ದ ಹಸಿರು ಅಂಗಿ ಕಳಚಿ ಕೊಟ್ಟ. ಚಪ್ಪಾಳೆ ಬಿತ್ತು. "ಈ ಬೋರ್ಡು ಎಲ್ಲೋ ನೋಡಿದ ಹಾಗಿದೆಯಲ್ಲ" ಎಂದರು ಕೋಚ್. ದಂತಣ್ಣನ ಕಿವಿ ಅಲ್ಲಿರಲಿಲ್ಲ. ಬಿಸಿಲಿಗೆ ಕಡಲು ಕಣ್ಣು ಕುಕ್ಕುತ್ತಿತ್ತು; ಆಚೆ ಕೂತವರು ಕಪ್ಪು ಚುಕ್ಕಿಗಳಂತೆ ಕಾಣುತ್ತಿದ್ದರು. ಬೋರ್ಡಿನ ಹಗ್ಗವನ್ನು ಕಾಲಿಗೆ ಕಟ್ಟಿಕೊಂಡು ನೀರಿಗಿಳಿದ.

ಅರ್ಧ ಗಂಟೆ ಹಿಡಿಯಿತು. ಪ್ರತಿ ಅಲೆಯೂ ಅವನನ್ನು ಹಿಂದಕ್ಕೆ ತಳ್ಳಿತು, ಎರಡು ಸಲ ತಲೆಕೆಳಗು ಮಾಡಿತು. ಕೊನೆಗೂ ನೊರೆ ದಾಟಿ, ಏದುಸಿರು ಬಿಡುತ್ತ ಸಾಲಿನ ತುದಿಯಲ್ಲಿ ಬೋರ್ಡಿನ ಮೇಲೆ ಕೂತು, "ನಮಸ್ಕಾರ" ಎಂದ.

ಯಾರೂ ತಿರುಗಲಿಲ್ಲ. ಏಳು ಜನರಿದ್ದರು. ಒಬ್ಬೊಬ್ಬರ ನಡುವೆ ಹತ್ತು ಮಾರು ದೂರ. ಎಲ್ಲರ ಕಣ್ಣೂ ದೂರದ ನೀರಿನ ಮೇಲೆ. ಹಲ್ಲು ಕೀಳಿಸಲು ಬಂದವರು ಆಸ್ಪತ್ರೆಯ ಹೊರಗೆ ಕೂರುವುದು ಹೀಗೆಯೇ. ನನ್ನ ಸರದಿ ಯಾವಾಗ ಎಂಬುದರ ಹೊರತು ಇನ್ನೊಂದು ಯೋಚನೆ ಇರುವುದಿಲ್ಲ. ದಂತಣ್ಣ ಕತ್ತು ಉದ್ದ ಮಾಡಿ ಸಾಲನ್ನು ಎರಡೆರಡು ಸಲ ನೋಡಿದ. ಕೇಸರಿ ಟೋಪಿ ಇರಲಿಲ್ಲ.

ಆಗ ದಡದ ಕಡೆ ತಿರುಗಿದ. ನೊರೆಯ ನಡುವೆ, ಹಸಿರು ಅಂಗಿಗಳ ನಡುವೆ, ಸೊಂಟದುದ್ದ ನೀರಿನಲ್ಲಿ ಕೇಸರಿ ಟೋಪಿ ನಿಂತಿತ್ತು.

ದಂತಣ್ಣ ಬೋರ್ಡಿನ ಮೇಲೆ ಬೋರಲು ಬಿದ್ದ. ಹಿಂದೆ ಬಂದ ಅಲೆಯನ್ನು ನೋಡದೆಯೇ ಕೈ ಬೀಸಿದ. ಅಲೆ ಎತ್ತಿಕೊಂಡಿತು. ಎದ್ದು ನಿಂತ. ಬೋರ್ಡು ಅಲುಗದೆ, ತೂಗದೆ, ಅವನನ್ನು ದಡದವರೆಗೂ ನಿಲ್ಲಿಸಿಕೊಂಡೇ ಬಂತು. ಎಂಟು ತಿಂಗಳಲ್ಲಿ ಅವನು ಹೀಗೆ ನಿಂತಿರಲಿಲ್ಲ. ನೋಡಿದವರು ಮಾತ್ರ ಯಾರೂ ಇಲ್ಲ. ಹಸಿರು ಅಂಗಿ ತೊಟ್ಟ ದಪ್ಪ ಮನುಷ್ಯರೊಬ್ಬರು ಅದೇ ಹೊತ್ತಿಗೆ ಹಾಸಿಗೆಯಿಂದ ಬಿದ್ದದ್ದರಿಂದ ಇಡೀ ಕ್ಲಾಸು ಅತ್ತ ನೋಡಿ ನಗುತ್ತಿತ್ತು.

"ಗಟ್ಟಿ ಬೋರ್ಡು ಇಲ್ಲಿ ತರಬೇಡಿ" ಎಂದು ಕೋಚ್ ಸೀಟಿ ಊದಿದರು. ದಂತಣ್ಣ ಮರಳಿಗೆ ಹೋಗಿ ನಿಂತ. ಮೇಡಂ ಬಂದರು.

"ನೀವೂ ಆಚೆ ಹೋಗಿಬಿಟ್ರಾ?" ಎಂದರು. ದನಿ ಸಪ್ಪೆಯಾಗಿತ್ತು. ಆಮೇಲೆ ಬೋರ್ಡನ್ನು ನೋಡಿದರು, ಬಗ್ಗಿ ಬಾಲದ ಪಟ್ಟಿಯನ್ನು ಮುಟ್ಟಿದರು. "ಇದು ಗಾಯಕ್ಕೆ ಹಾಕೋ ಪಟ್ಟಿ. ನಾನೇ ಅಂಟಿಸಿದ್ದು."

ದಂತಣ್ಣ ಪಟ್ಟಿಯ ದುಂಡನೆಯ ಮೂಲೆಗಳನ್ನು ಇನ್ನೊಮ್ಮೆ ನೋಡಿದ.

"ಎರಡು ತಿಂಗಳು ಅಲ್ಲಿ ಕೂತೆ. ಒಬ್ರಾದ್ರೂ ಒಂದು ಮಾತಾಡ್ಬೇಕಲ್ಲ. ಇದಕ್ಕಿಂತ ನಿಮ್ಮ ಜೊತೆ ನಿಂತು ಹರಟೋದೇ ಎಷ್ಟೋ ವಾಸಿ ಅನ್ನಿಸ್ತು. ಹೋದ ಭಾನುವಾರ ನಿಮ್ಮನ್ನ ಕೇಳೋಣ ಅಂತ ಬಂದ್ರೆ ನೀವೇ ಇರ್ಲಿಲ್ಲ. ಹೇಗೂ ಕ್ಲಾಸಲ್ಲೇ ಇರ್ತೀರಲ್ಲ ಅಂತ ಬುಧವಾರ ಬೋರ್ಡು ಮಾರಿ ವಾಪಸ್ ಸೇರ್ಕೊಂಡೆ."

ತನಗಾಗಿ ಯಾರಾದರೂ ಏನನ್ನಾದರೂ ಬಿಟ್ಟುಕೊಟ್ಟದ್ದು ದಂತಣ್ಣನಿಗೆ ನೆನಪಿರಲಿಲ್ಲ. ಅವನು ಕೋಚ್ ಕಡೆಗೆ ಓಡಿದ.

"ನಾನೂ ವಾಪಸ್ ಸೇರ್ತೀನಿ."

"ಜಾಗ ಎಲ್ಲಿದೆ? ಹತ್ತು ಜನ ಆದ್ರಲ್ಲ. ನಿಮ್ಮ ಅಂಗಿ ಆಗಲೇ ಕೊಟ್ಟಾಯ್ತು. ಇನ್ಯಾರಾದ್ರೂ ಸ್ವಂತ ಬೋರ್ಡು ಕೊಂಡ್ರೆ ಹೇಳ್ತೀನಿ."

ದಂತಣ್ಣ ತಿರುಗಿ ನೋಡಿದ. ಅವನ ಹಸಿರು ಅಂಗಿ, ಹೊಟ್ಟೆಯ ಮೇಲೆ ಬಿಗಿದುಕೊಂಡು, ಹಾಸಿಗೆ ಹಿಡಿದುಕೊಂಡು ನೀರಿನಿಂದ ಎದ್ದು ಬರುತ್ತಿತ್ತು. ಒಳಗಿದ್ದವರು ಸೆಕ್ರೆಟರಿಗಳು.

"ನಿಮ್ಮ ಜೊತೆ ನಡೆದೂ ನಡೆದೂ ಸೆಖೆ ಆಯ್ತು ನೋಡಿ, ಇಳಿದೇಬಿಟ್ಟೆ" ಎಂದರು. "ಬಹಳ ಒಳ್ಳೇ ವ್ಯಾಯಾಮ ಕಣ್ರೀ. ಮೇಡಂ ಸಿಕ್ಕಿದ್ದೂ ಒಳ್ಳೇದಾಯ್ತು, ಮಾತ್ರೆ ತೂಕದ ಬಗ್ಗೆ ಎಷ್ಟೊಂದು ಮಾತಾಡೋದಿದೆ."

"ಸರ್" ಎಂದ ದಂತಣ್ಣ. ಬೇಡಿಕೊಳ್ಳುವ ದನಿ ಅದು. "ನೀವು ಒಂದು ಸ್ವಂತ ಬೋರ್ಡು ತಗೊಳ್ಳಿ ಸರ್. ನಾನೇ ಜೊತೆಗೆ ಬರ್ತೀನಿ."

"ನನಗ್ಯಾಕ್ರೀ?" ಎಂದರು ಸೆಕ್ರೆಟರಿಗಳು. "ಲಿಫ್ಟಿಗೆ ಹಿಡಿಸಲ್ಲ."

ಸೀಟಿ ಕೇಳಿಸಿತು. ಮೇಡಂ ಏನೋ ಹೇಳಲು ಹೊರಟವರು, ಹಾಗೇ ತಿರುಗಿ ನೋಡುತ್ತ ನೀರಿಗೆ ಹೋದರು. ಚಪ್ಪಾಳೆ ತಟ್ಟಿಸಿಕೊಂಡವನು ಮರಳಿನ ಮೇಲೆ ಕೂತರೆ ಚೆನ್ನಾಗಿರುವುದಿಲ್ಲ ಎಂದು ದಂತಣ್ಣನೂ ಬೋರ್ಡು ಎತ್ತಿಕೊಂಡ.

ಹೊತ್ತು ಇಳಿಯುವಾಗ ಅವನು ಮತ್ತೆ ಸಾಲಿನ ತುದಿಯಲ್ಲಿ, ದಡಕ್ಕೆ ಮುಖ ಮಾಡಿ ಕೂತಿದ್ದ. ಅಲ್ಲಿ ಸೆಕ್ರೆಟರಿಗಳು ಎರಡೂ ಕೈ ಅಗಲಿಸಿ ಯಾವುದೋ ಅಳತೆ ತೋರಿಸುತ್ತಿದ್ದರು. ಕೇಸರಿ ಟೋಪಿ ತಲೆಯಾಡಿಸುತ್ತಿತ್ತು, ನಡುನಡುವೆ ಆಚೆ ತಿರುಗುತ್ತಿತ್ತು. ದಂತಣ್ಣ ಕೈ ಬೀಸಿದ. ಅಷ್ಟು ದೂರದಿಂದ ಕಂಡಿತೋ ಇಲ್ಲವೋ.

"ರೀ" ಎಂದರು ಯಾರೋ.

ದಂತಣ್ಣ ಸರಕ್ಕನೆ ತಿರುಗಿದ. ಪಕ್ಕದ ಬೋರ್ಡಿನವನು ಅವನನ್ನೇ ನೋಡುತ್ತಿದ್ದ. ಅರ್ಧ ಮೀಸೆಯ ಕತೆ ದಂತಣ್ಣನ ನಾಲಿಗೆಯ ತುದಿಗೇ ಬಂದು ನಿಂತಿತು.

"ಸ್ವಲ್ಪ ಆ ಕಡೆ ಸರೀರಿ. ಅಲೆಗೆ ಅಡ್ಡ ಇದೀರಿ."

ದಂತಣ್ಣ ಆ ಕಡೆ ಸರಿದು ಕೂತ.